ವೈದ್ಯಕೀಯ ಪದಗಳನ್ನು ಬಿಡಿಸಿ ಕಲಿಯುವ ಕ್ರಮ: ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಅಥವಾ ಎಂಬಿಬಿಎಸ್ ಕೋರ್ಸಿಗೆ ಸೇರಿದ ವಿದ್ಯಾರ್ಥಿಗಳು ಮೊದಲ ಕೆಲವು ತಿಂಗಳುಗಳಲ್ಲಿ ಎದೆಗುಂದುವುದು ಹೆಚ್ಚಾಗಿ ಪದಗಳ ಮುಂದೆ. ಕೋಲಿಸಿಸ್ಟೆಕ್ಟಮಿ, ಥ್ರಾಂಬೋಸೈಟೋಪೀನಿಯ, ಗ್ಯಾಸ್ಟ್ರೋಎಂಟರೈಟಿಸ್ ಎಂಬಂಥ ಪದಗಳನ್ನು ಕಂಡಾಗ ತಮ್ಮ ಇಂಗ್ಲಿಷ್ ಸಾಲದು ಎಂದು ಅವರು ಭಾವಿಸುತ್ತಾರೆ. ಈ ಪದಗಳು ಹುಟ್ಟಿನಿಂದ ಇಂಗ್ಲಿಷಿನವೇ ಅಲ್ಲ; ಇಂಗ್ಲಿಷ್ ಮಾಧ್ಯಮದಲ್ಲೇ ಬೆಳೆದ ಸಹಪಾಠಿಗೂ ಇವು ಅಷ್ಟೇ ಹೊಸವು. ಇವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಕಟ್ಟಿದ ಪದಗಳು. ಇಂಥ ಜೋಡಣೆಯನ್ನು ಬಿಡಿಸಲು ಬೇಕಾದ ವ್ಯಾಕರಣವನ್ನು ಕನ್ನಡದ ವಿದ್ಯಾರ್ಥಿಯು ಪ್ರೌಢಶಾಲೆಯಲ್ಲೇ ಸಂಧಿ, ಸಮಾಸ, ಉಪಸರ್ಗ ಎಂಬ ಹೆಸರಿನಲ್ಲಿ ಕಲಿತಿರುತ್ತಾನೆ. ಪರೀಕ್ಷೆ ಮುಗಿದ ಮೇಲೆ ಬದಿಗಿಟ್ಟ ಆ ಪಾಠವನ್ನು ಮತ್ತೆ ಕೈಗೆತ್ತಿಕೊಳ್ಳುವುದೇ ಈ ಕಲಿಕೆಯ ಮೊದಲ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಯಿಂದ ಓದಬೇಕು

ಅರಸನ ಮನೆ ಅರಮನೆ. ಇದು ತತ್ಪುರುಷ ಸಮಾಸ. ಇದರಲ್ಲಿ ಉತ್ತರಪದಕ್ಕೆ, ಅಂದರೆ ಎರಡನೆಯ ಪದಕ್ಕೆ ಪ್ರಾಧಾನ್ಯ. ಅರಮನೆ ಎಂಬುದು ಒಂದು ಬಗೆಯ ಮನೆಯೇ ಹೊರತು ಒಬ್ಬ ಅರಸನಲ್ಲ. ವೈದ್ಯಕೀಯ ಪದಗಳಲ್ಲಿ ಹೆಚ್ಚಿನವು ಇದೇ ರೀತಿ ನಡೆಯುತ್ತವೆ. ಆದ್ದರಿಂದ ಪದದ ಕೊನೆಯ ತುಂಡನ್ನು ಮೊದಲು ಹಿಡಿಯಬೇಕು, ಅನಂತರ ಮೊದಲ ತುಂಡಿಗೆ ಬರಬೇಕು, ಕೊನೆಗೆ ನಡುವಿನದನ್ನು ನೋಡಬೇಕು. ಪೆರಿಕಾರ್ಡೈಟಿಸ್ ಎಂಬ ಪದದಲ್ಲಿ ಕೊನೆಯ ‘ಐಟಿಸ್’ ಉರಿಯೂತವನ್ನೂ ಮೊದಲಿನ ‘ಪೆರಿ’ ಸುತ್ತಲೂ ಎಂಬುದನ್ನೂ ನಡುವಿನ ‘ಕಾರ್ಡಿ’ ಹೃದಯವನ್ನೂ ಸೂಚಿಸುತ್ತದೆ. ವಿಗ್ರಹವಾಕ್ಯ ಮಾಡಿದರೆ ‘ಹೃದಯದ ಸುತ್ತಲಿರುವ ಪೊರೆಯ ಉರಿಯೂತ’ ಎಂದಾಗುತ್ತದೆ. ಪ್ರತಿ ಹೊಸ ಪದಕ್ಕೂ ಹೀಗೆ ಕನ್ನಡದಲ್ಲಿ ಒಂದು ವಿಗ್ರಹವಾಕ್ಯ ಬರೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಇಂಗ್ಲಿಷ್ ಅರ್ಥವನ್ನು ನಕಲು ಮಾಡಿಕೊಳ್ಳುವುದು ಸುಲಭ. ಸ್ವಂತ ವಿಗ್ರಹವಾಕ್ಯ ಬರೆಯಬೇಕಾದರೆ ಪದ ನಿಜಕ್ಕೂ ಅರ್ಥವಾಗಿರಲೇಬೇಕು.

ತುಂಡುಗಳು ಕೂಡುವ ಜಾಗದಲ್ಲಿ ಸಂಧಿ ನಡೆಯುತ್ತದೆ. ಜಠರಕ್ಕೆ ಗ್ರೀಕ್ ಮೂಲ ‘ಗ್ಯಾಸ್ಟ್ರ್’. ಅದರ ಮುಂದೆ ವ್ಯಂಜನದಿಂದ ಶುರುವಾಗುವ ಪ್ರತ್ಯಯ ಬಂದರೆ ಉಚ್ಚಾರಣೆಗೆ ಅನುಕೂಲವಾಗಲೆಂದು ನಡುವೆ ‘ಓ’ ಸ್ವರ ಬಂದು ‘ಗ್ಯಾಸ್ಟ್ರೋಸ್ಕೋಪಿ’ ಆಗುತ್ತದೆ. ಸ್ವರದಿಂದ ಶುರುವಾಗುವ ‘ಐಟಿಸ್’ ಬಂದರೆ ಆ ‘ಓ’ ಬಿದ್ದುಹೋಗಿ ‘ಗ್ಯಾಸ್ಟ್ರೈಟಿಸ್’ ಉಳಿಯುತ್ತದೆ. ಊರು ಮತ್ತು ಇಂದ ಸೇರಿ ‘ಊರಿಂದ’ ಆಗುವ ಲೋಪಸಂಧಿಯೇ ಇದು. ಕನ್ನಡದಲ್ಲಿ ಅರ್ಥ ಕೆಡುವಂತಿದ್ದರೆ ಲೋಪ ಮಾಡಬಾರದು ಎಂಬ ಕಟ್ಟಳೆ ಇದೆಯಷ್ಟೆ. ಇಲ್ಲಿಯೂ ಅಂಥದೊಂದು ಕಟ್ಟಳೆಯುಂಟು: ಎರಡು ಅಂಗಗಳ ಮೂಲಗಳು ಕೂಡುವಾಗ, ಎರಡನೆಯದು ಸ್ವರದಿಂದ ಶುರುವಾದರೂ, ನಡುವಿನ ‘ಓ’ವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಜಠರ ಮತ್ತು ಕರುಳು ಎರಡರ ಉರಿಯೂತವು ‘ಗ್ಯಾಸ್ಟ್ರೋಎಂಟರೈಟಿಸ್’ ಎನಿಸುವುದು ಈ ಕಾರಣದಿಂದ. ಇಷ್ಟು ತಿಳಿದರೆ, ಪದದ ನಡುವೆ ‘ಓ’ ಕಂಡಲ್ಲೆಲ್ಲ ಪೆನ್ಸಿಲಿನಿಂದ ಒಂದು ಗೆರೆ ಎಳೆದು ನೋಡಬಹುದು. ಬಹುತೇಕ ಕಡೆ ಪದ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಮೊದಲು ಕಲಿಯಬೇಕಾದವು ಪ್ರತ್ಯಯಗಳು

ಅಂಗಗಳ ಹೆಸರುಗಳಿಂದ ಶುರುಮಾಡುವುದು ರೂಢಿ. ಆದರೆ ಪ್ರತ್ಯಯಗಳಿಂದ ಶುರುಮಾಡುವುದೇ ಹೆಚ್ಚು ಫಲಕಾರಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಅವು ಸಂಖ್ಯೆಯಲ್ಲಿ ಕಡಿಮೆ, ಬಳಕೆಯಲ್ಲಿ ಅತಿ ಹೆಚ್ಚು. ‘ಐಟಿಸ್’ ಗ್ರೀಕಿನಲ್ಲಿ ‘ಸಂಬಂಧಿಸಿದ’ ಎಂಬರ್ಥದ ವಿಶೇಷಣ ಪ್ರತ್ಯಯವಾಗಿತ್ತು. ರೋಗ ಎಂಬರ್ಥದ ‘ನೋಸೋಸ್’ ಪದದ ಜೊತೆಗೆ ಬರುತ್ತಿದ್ದ ಅದು ಕಾಲಕ್ರಮದಲ್ಲಿ ಒಂಟಿಯಾಗಿ ನಿಂತು ಉರಿಯೂತ ಎಂಬ ಅರ್ಥವನ್ನೇ ಪಡೆಯಿತು. ಉರಿಯೂತದ ಲಕ್ಷಣಗಳನ್ನು ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ನಾಲ್ಕು ಲ್ಯಾಟಿನ್ ಪದಗಳಲ್ಲಿ ಹೇಳಿದ್ದಾನೆ: ರೂಬರ್ ಎಂದರೆ ಕೆಂಪೇರುವುದು, ಟ್ಯೂಮರ್ ಎಂದರೆ ಬಾವು, ಕ್ಯಾಲರ್ ಎಂದರೆ ಬಿಸಿ, ಡೋಲರ್ ಎಂದರೆ ನೋವು. ಇಂದು ಟ್ಯೂಮರ್ ಎಂದರೆ ಗೆಡ್ಡೆ ಎಂದೇ ತಿಳಿಯುತ್ತೇವೆ. ಅವನ ಕಾಲಕ್ಕೆ ಅದು ಬರಿಯ ಊತವಾಗಿತ್ತು. ಗೆಡ್ಡೆಗೆ ಈಗ ಬಳಕೆಯಾಗುವ ಪ್ರತ್ಯಯ ‘ಓಮ’. ಲೈಪೋಮ ಕೊಬ್ಬಿನ ಗೆಡ್ಡೆ, ಮಯೋಮ ಸ್ನಾಯುವಿನ ಗೆಡ್ಡೆ. ಆದರೆ ಹೆಮಟೋಮ ಎಂಬುದು ರಕ್ತನಾಳದಿಂದ ಹೊರಬಂದು ಒಂದೆಡೆ ಸೇರಿಕೊಂಡ ರಕ್ತ, ಗ್ಲಾಕೋಮ ಎಂಬುದು ಕಣ್ಣಿನ ನರ ಹಾನಿಗೊಳ್ಳುವ ಕಾಯಿಲೆ. ‘ಓಮ’ ಕಂಡೊಡನೆ ಕ್ಯಾನ್ಸರ್ ಎಂದು ಗಾಬರಿಯಾಗಬಾರದು, ರೋಗಿಯ ಕಡೆಯವರ ಮುಂದಂತೂ ಹಾಗೆ ಹೇಳಲೇಬಾರದು.

ಶಸ್ತ್ರಚಿಕಿತ್ಸೆಯ ಮೂರು ಪ್ರತ್ಯಯಗಳನ್ನು ಒಟ್ಟಿಗೆ ಇಟ್ಟು ಕಲಿಯಬೇಕು. ‘ಟಮಿ’ ಎಂದರೆ ಕೊಯ್ಯುವುದು. ಅದರ ಹಿಂದೆ ಹೊರಗೆ ಎಂಬರ್ಥದ ‘ಎಕ್’ ಸೇರಿದರೆ ‘ಎಕ್ಟಮಿ’, ಅಂದರೆ ಕೊಯ್ದು ಹೊರತೆಗೆಯುವುದು. ‘ಸ್ಟಮಿ’ ಬಂದದ್ದು ಬಾಯಿ ಎಂಬರ್ಥದ ‘ಸ್ಟೋಮ’ದಿಂದ, ಅಂಗಕ್ಕೆ ಹೊಸದೊಂದು ಬಾಯಿ ಮಾಡಿಕೊಡುವುದು ಅದರ ಅರ್ಥ. ದೊಡ್ಡ ಕರುಳಿಗೆ ಇವುಗಳನ್ನು ಹಚ್ಚಿದರೆ ಕೊಲೋಟಮಿ, ಕೊಲೆಕ್ಟಮಿ, ಕೊಲೋಸ್ಟಮಿ ಎಂಬ ಮೂರು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳಾಗುತ್ತವೆ. ಕೊಲೋಸ್ಟಮಿಯಾದವರು ಹೊಟ್ಟೆಯ ಮೇಲೆ ಚೀಲ ಧರಿಸಬೇಕಾಗುವುದು ಏಕೆಂದು ಪದವೇ ಹೇಳುತ್ತದೆ. ಆಪರೇಷನ್ ಥಿಯೇಟರಿನ ಪಟ್ಟಿಯಲ್ಲಿ ದಿನವೂ ಕಾಣುವ ‘ಲ್ಯಾಪ್ ಕೋಲಿ’ ಎಂಬುದರ ಪೂರ್ಣರೂಪ ಲ್ಯಾಪರೋಸ್ಕೋಪಿಕ್ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾದ ನೆರವಿನಿಂದ ಮಾಡುವ) ಕೋಲಿಸಿಸ್ಟೆಕ್ಟಮಿ. ಕೋಲಿ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ, ಎಕ್ಟಮಿ ಹೇಳಿಯಾಯಿತು. ಪಿತ್ತಕೋಶವನ್ನು ಕೊಯ್ದು ಹೊರತೆಗೆಯುವುದು. ಈ ಪಿತ್ತವಾಚಕವೇ ಕೊಲೆಸ್ಟರಾಲ್‌ನ ಮೊದಲಲ್ಲಿಯೂ ಇದೆ, ಏಕೆಂದರೆ ಆ ವಸ್ತು ಮೊದಲು ದೊರೆತದ್ದು ಪಿತ್ತಕೋಶದ ಕಲ್ಲುಗಳಲ್ಲಿ.

ಗ್ರಾಂ, ಗ್ರಾಫ್, ಗ್ರಫಿ ಎಂಬ ಮೂರಕ್ಕೆ ಹೆಚ್ಚು ಹೊತ್ತು ಬೇಡ. ಸಾಮಾನ್ಯವಾಗಿ ಮೊದಲನೆಯದು ಕೈಗೆ ಸಿಗುವ ದಾಖಲೆ, ಎರಡನೆಯದು ಯಂತ್ರ, ಮೂರನೆಯದು ಪರೀಕ್ಷೆಯ ಕ್ರಿಯೆ. ಆಲ್ಜಿಯ ನೋವು, ಮೆಗಲಿ ಹಿಗ್ಗಿರುವುದು, ಯೂರಿಯ ಮೂತ್ರದ ಸ್ಥಿತಿ, ಪತಿ ಕಾಯಿಲೆ.

ಇನ್ನು ಒಂದು ಪದವನ್ನು ಹತ್ತಿರದಿಂದ ನೋಡೋಣ. ಮಳೆಗಾಲದಲ್ಲಿ ಡೆಂಗಿ ಹರಡಿದಾಗ ‘ಪ್ಲೇಟ್‌ಲೆಟ್ ಇಳಿದಿದೆ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದೇ ಸಂಗತಿ ಥ್ರಾಂಬೋಸೈಟೋಪೀನಿಯ ಎಂದಿರುತ್ತದೆ. ಎರಡು ‘ಓ’ಗಳ ಬಳಿ ಗೆರೆ ಎಳೆದರೆ ಥ್ರಾಂಬೋ, ಸೈಟೋ, ಪೀನಿಯ ಎಂದು ಮೂರು ತುಂಡಾಗುತ್ತದೆ. ಪೀನಿಯ ಎಂದರೆ ಗ್ರೀಕಿನಲ್ಲಿ ಬಡತನ, ಇಲ್ಲಿ ಕೊರತೆ. ಥ್ರಾಂಬೋಸ್ ಹೆಪ್ಪು. ಸೈಟೋ ಬಂದದ್ದು ‘ಕುಟೋಸ್’ ಎಂಬ ಪದದಿಂದ, ಟೊಳ್ಳಾದ ಪಾತ್ರೆ ಎಂಬುದು ಅದರ ಹಳೆಯ ಅರ್ಥ, ಈಗ ಜೀವಕೋಶ. ಕೂಡಿಸಿದರೆ ‘ಹೆಪ್ಪುಗಟ್ಟಿಸುವ ಕಣಗಳ ಕೊರತೆ’. ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದರೆ ಈ ಪದವನ್ನು ಬಳಸುತ್ತಾರೆ. ಅದೇ ರೋಗಿಯ ಕಾಗದದಲ್ಲಿ ಲ್ಯೂಕೋಪೀನಿಯ ಎಂದೂ ಇರಬಹುದು. ಲ್ಯೂಕೋ ಎಂದರೆ ಬಿಳಿ ಎಂದು ತಿಳಿದೊಡನೆ ಬಿಳಿ ರಕ್ತಕಣಗಳೂ ಕಡಿಮೆಯಾಗಿವೆ ಎಂದು ಯಾರನ್ನೂ ಕೇಳದೆ ಅರಿತುಕೊಳ್ಳಬಹುದು. ಒಂದು ಕಾಗದದಿಂದ ಕಲಿತ ಈ ಪೀನಿಯ, ಸೈಟೋ, ಲ್ಯೂಕೋ, ಥ್ರಾಂಬೋ ಎಂಬ ತುಂಡುಗಳು ಮುಂದೆ ಲ್ಯುಕೀಮಿಯ, ಥ್ರಾಂಬೋಸಿಸ್, ಎರಿತ್ರೋಸೈಟ್, ಆಸ್ಟಿಯೋಪೀನಿಯ ಮುಂತಾದ ಪದಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ.

ಉಪಸರ್ಗಗಳಲ್ಲಿ ಅರ್ಧ ನಿಮಗೆ ಗೊತ್ತು

ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತದಲ್ಲಿ 1786ರಲ್ಲಿ ಹೇಳಿದ. ಕನ್ನಡ ದ್ರಾವಿಡ ಭಾಷೆಯಾದರೂ ನಮ್ಮ ತತ್ಸಮ ಪದಗಳ ಮೂಲಕ ಈ ನಂಟಿನ ಪ್ರಯೋಜನ ನಮಗೆ ದೊರೆಯುತ್ತದೆ. ಇದು ಒಂದೇ ಮನೆತನದ ನಂಟೇ ಹೊರತು ಗ್ರೀಕರು ಸಂಸ್ಕೃತದಿಂದ ಪದಗಳನ್ನು ಎರವಲು ಪಡೆದರು ಎಂದಲ್ಲ; ಹಾಗೆ ಹೇಳುವವರ ಮಾತನ್ನು ನಂಬಬಾರದು.

ನಿಷೇಧಾರ್ಥದ ‘ಅ’ ವ್ಯಂಜನದ ಮುಂದೆ ‘ಅ’ ಆಗಿಯೂ ಸ್ವರದ ಮುಂದೆ ‘ಅನ್’ ಆಗಿಯೂ ಬರುತ್ತದೆ: ಅನ್ಯಾಯ, ಅನಾರೋಗ್ಯ. ಗ್ರೀಕಿನಲ್ಲಿಯೂ ನಿಯಮ ಇದೇ. ಉಸಿರು ನಿಲ್ಲುವುದು ಅಪ್ನಿಯ, ರಕ್ತದ ಕೊರತೆ ಅನೀಮಿಯ. ದುರ್ಬಲ, ದುಸ್ಸಾಧ್ಯ ಎಂಬಲ್ಲಿನ ‘ದುಸ್’ ಗ್ರೀಕಿನ ‘ಡಿಸ್’. ಡಿಸ್ಪ್ನಿಯ ಕಷ್ಟದ ಉಸಿರಾಟ, ಡಿಸ್ಯೂರಿಯ ಕಷ್ಟದ ಮೂತ್ರವಿಸರ್ಜನೆ. ಡಿಸ್ಪೆಪ್ಸಿಯ ಎಂಬ ಪದದಲ್ಲಿ ಎರಡು ತುಂಡುಗಳೂ ನಮಗೆ ನೆಂಟರೇ: ‘ಡಿಸ್’ ನಮ್ಮ ದುಸ್ ಆದರೆ ‘ಪೆಪ್ಸಿಸ್’ ನಮ್ಮ ಪಚನ, ಪಾಕಗಳ ಬಳಗಕ್ಕೆ ಸೇರಿದ್ದು. ಪರಿಸರ, ಪರಿಧಿಗಳ ‘ಪರಿ’ಯೇ ಪೆರಿಕಾರ್ಡಿಯಂನ ‘ಪೆರಿ’. ಅಂಗಗಳಲ್ಲಿ ದಂತ, ಪಾದ, ನಾಸಿಕ, ಅಸ್ಥಿ, ಜಾನು, ಆಂತ್ರ ಎಂಬವುಗಳ ಪಕ್ಕದಲ್ಲಿ ಡೆಂಟಲ್, ಪೀಡಲ್, ನೇಸಲ್, ಆಸ್ಟಿಯೋ, ಜೆನು, ಎಂಟರೋ ಎಂಬವನ್ನು ಬರೆದುಕೊಳ್ಳಿ. ಸ್ನಾಯುವಿನ ‘ಮಯೋ’ ಮೂಲತಃ ಇಲಿಯ ಹೆಸರು, ನಮ್ಮ ಮೂಷಕದ ನೆಂಟ. ಚರ್ಮದಡಿಯಲ್ಲಿ ಸ್ನಾಯು ಅಲುಗುವುದು ಇಲಿ ಓಡಿದಂತೆ ಕಂಡಿರಬೇಕು.

ಈ ನಂಟು ಎಲ್ಲಕ್ಕಿಂತ ಹೆಚ್ಚಾಗಿ ನೆರವಿಗೆ ಬರುವುದು ಹೈಪರ್ ಮತ್ತು ಹೈಪೋ ಎಂಬ ಜೋಡಿಯಲ್ಲಿ. ಅವಸರದಲ್ಲಿ ಫೋನಿನಲ್ಲಿ ಕೇಳಿದರೆ ಎರಡೂ ಒಂದೇ ಎನಿಸುತ್ತವೆ. ಹೈಪರ್ ನಮ್ಮ ‘ಉಪರಿ’, ಅಂದರೆ ಮೇಲೆ. ಹೈಪೋ ನಮ್ಮ ‘ಉಪ’, ಅಂದರೆ ಕೆಳಗಿನದು, ಕಿರಿದು. ಹೈಪರ್‌ಗ್ಲೈಸೀಮಿಯದಲ್ಲಿ ರಕ್ತದ ಸಕ್ಕರೆ ಏರಿರುತ್ತದೆ, ಹೈಪೋಗ್ಲೈಸೀಮಿಯದಲ್ಲಿ ಇಳಿದಿರುತ್ತದೆ. ಒಂದಕ್ಕೆ ಇನ್ಸುಲಿನ್ ಬೇಕಾಗಬಹುದು, ಇನ್ನೊಂದಕ್ಕೆ ತಕ್ಷಣ ಗ್ಲೂಕೋಸ್ ಬೇಕು. ಅದಲುಬದಲಾದರೆ ಜೀವಕ್ಕೆ ಅಪಾಯ. ಆದ್ದರಿಂದ ಈ ಎರಡು ಪದಗಳನ್ನು ಬಾಯಲ್ಲಿ ಹೇಳುವಾಗ ‘ಶುಗರ್ ಕಡಿಮೆ’ ಅಥವಾ ‘ಶುಗರ್ ಜಾಸ್ತಿ’ ಎಂಬುದನ್ನೂ ಓದಿದ ಅಂಕಿಯನ್ನೂ ಜೊತೆಗೆ ಹೇಳುವುದನ್ನು ಕಡ್ಡಾಯ ಮಾಡಿಕೊಳ್ಳಿ.

ಒಂದೇ ಅಂಗಕ್ಕೆ ಎರಡು ಹೆಸರು ಏಕೆ

ಕಿಡ್ನಿಯ ರಕ್ತನಾಳ ‘ರೀನಲ್ ಆರ್ಟರಿ’ಯಾದರೆ ಕಿಡ್ನಿಯ ಉರಿಯೂತ ‘ನೆಫ್ರೈಟಿಸ್’ ಏಕಾಗಬೇಕು ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಏಳುತ್ತದೆ. ಪ್ರಾಚೀನ ಗ್ರೀಸಿನ ವೈದ್ಯ ಹಿಪಾಕ್ರಟಿಸನ ಪರಂಪರೆಯವರೂ ಎರಡನೆಯ ಶತಮಾನದ ವೈದ್ಯ ಗೇಲನ್‌ನೂ ಬರೆದದ್ದು ಗ್ರೀಕಿನಲ್ಲಿ. ರೋಗಗಳ ಹೆಸರುಗಳು ಆ ದಾರಿಯಲ್ಲಿ ಬಂದವು. ಅಂಗರಚನೆಯ ಹೆಸರುಗಳು ಗಟ್ಟಿಯಾದದ್ದು ಯುರೋಪಿನ ವಿದ್ವಾಂಸರೆಲ್ಲ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ ಕಾಲದಲ್ಲಿ. ವೆಸೇಲಿಯಸ್ 1543ರಲ್ಲಿ ತನ್ನ ಅಂಗರಚನಾ ಗ್ರಂಥವನ್ನು ಪ್ರಕಟಿಸಿದ್ದು ಆ ಭಾಷೆಯಲ್ಲಿಯೇ, 1895ರಲ್ಲಿ ಬಾಸೆಲ್ ನಗರದಲ್ಲಿ ಒಪ್ಪಿಕೊಂಡ ಅಂಗನಾಮಗಳ ಪಟ್ಟಿಯೂ ಲ್ಯಾಟಿನ್‌ನದೇ. ಹೀಗಾಗಿ ದೇಹದ ಭಾಗವನ್ನು ಗುರುತಿಸುವಾಗ ಲ್ಯಾಟಿನ್, ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಯನ್ನು ಹೆಸರಿಸುವಾಗ ಗ್ರೀಕ್ ಎಂಬ ವಾಡಿಕೆ ಬೆಳೆಯಿತು. ಶ್ವಾಸಕೋಶಕ್ಕೆ ಪಲ್ಮನರಿ ಮತ್ತು ನ್ಯುಮೋನಿಯ, ಚರ್ಮಕ್ಕೆ ಕ್ಯುಟೇನಿಯಸ್ ಮತ್ತು ಡರ್ಮಟೈಟಿಸ್, ಸ್ತನಕ್ಕೆ ಮ್ಯಾಮರಿ ಮತ್ತು ಮಾಸ್ಟೆಕ್ಟಮಿ, ಬಾಯಿಗೆ ಓರಲ್ ಮತ್ತು ಸ್ಟೊಮಟೈಟಿಸ್. ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ನಿಗೆ ಸಬ್‌ಕ್ಯುಟೇನಿಯಸ್ ಎಂದರೂ ಹೈಪೋಡರ್ಮಿಕ್ ಎಂದರೂ ತುಂಡುಗಳ ಅರ್ಥ ಒಂದೇ. ಮೊದಲನೆಯದು ಪೂರ್ತಿ ಲ್ಯಾಟಿನ್, ಎರಡನೆಯದು ಪೂರ್ತಿ ಗ್ರೀಕ್.

ಈ ವಾಡಿಕೆ ತಿಳಿದರೆ ಪದ ಕಟ್ಟುವಾಗ ದಾರಿ ತಪ್ಪುವುದು ಕಡಿಮೆ. ಕಿಡ್ನಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಗ್ರೀಕ್ ‘ಎಕ್ಟಮಿ’ ಬೇಕಾದ್ದರಿಂದ ಗ್ರೀಕ್ ಮೂಲವನ್ನೇ ಹಿಡಿದು ನೆಫ್ರೆಕ್ಟಮಿ ಎನ್ನುತ್ತಾರೆ. ಆದರೆ ವಾಡಿಕೆ ಮುರಿದ ಪದಗಳೂ ಇವೆ: ಟಾನ್ಸಿಲೆಕ್ಟಮಿಯಲ್ಲಿ ಲ್ಯಾಟಿನ್‌ಗೆ ಗ್ರೀಕ್ ಪ್ರತ್ಯಯ ಸೇರಿದೆ, ಹೈಪರ್‌ಟೆನ್ಷನ್ನಿನಲ್ಲಿ ಗ್ರೀಕ್ ಉಪಸರ್ಗಕ್ಕೆ ಲ್ಯಾಟಿನ್ ಪದ ಸೇರಿದೆ. ಹಾಗಾಗಿ ನೀವೇ ಕಟ್ಟಿದ ಪದವನ್ನು ನಿಘಂಟಿನಲ್ಲಿ ನೋಡದೆ ಬಳಸಬೇಡಿ.

ಎಡವುವ ಜಾಗಗಳು

‘ಪೀಡ್’ ಎಂಬುದು ಎರಡು ಬೇರೆ ಮೂಲಗಳು ಕೂಡಿದ ಜಾಗ. ಕಾಲು ಬಾತಿರುವುದನ್ನು ಪೀಡಲ್ ಎಡಿಮ ಎನ್ನುವಾಗ ಅದು ಲ್ಯಾಟಿನ್ ಪಾದ. ಪೀಡಿಯಾಟ್ರಿಕ್ಸ್‌ನಲ್ಲಿರುವುದು ಮಗು ಎಂಬರ್ಥದ ಗ್ರೀಕ್ ಮೂಲ. ಆರ್ಥೋಪೀಡಿಕ್ಸ್‌ನಲ್ಲಿಯೂ ಮಗುವೇ ಇದೆ. ಫ್ರಾನ್ಸಿನ ನಿಕೊಲಾ ಆಂದ್ರಿ 1741ರಲ್ಲಿ ಈ ಪದವನ್ನು ಕಟ್ಟಿದ್ದು ಮಕ್ಕಳ ದೇಹದ ವಕ್ರತೆಗಳನ್ನು ನೇರಮಾಡುವ ವಿದ್ಯೆಗಾಗಿ. ಕರೋನರಿ ಎಂಬಲ್ಲಿ ಹೃದಯವಾಚಕ ಇಲ್ಲ, ಕಿರೀಟ ಎಂಬರ್ಥದ ಕರೋನ ಇದೆ. ಆ ರಕ್ತನಾಳಗಳು ಹೃದಯವನ್ನು ಕಿರೀಟದಂತೆ ಬಳಸಿರುತ್ತವೆ. ‘ಮಯೆಲೋ’ ಎಂಬುದಕ್ಕೆ ಅಸ್ಥಿಮಜ್ಜೆ, ಬೆನ್ನುಹುರಿ ಎಂಬ ಎರಡು ಅರ್ಥಗಳು. ಪೋಲಿಯೋ ಎಂದು ನಾವೆಲ್ಲ ಕರೆಯುವ ಪೋಲಿಯೋಮಯಲೈಟಿಸ್‌ನಲ್ಲಿ ಅದು ಬೆನ್ನುಹುರಿ. ಪೋಲಿಯೋ ಎಂದರೆ ಬೂದು ಬಣ್ಣ. ಬೆನ್ನುಹುರಿಯ ಬೂದು ಭಾಗದ ಉರಿಯೂತ ಎಂಬುದು ಇಡೀ ಪದದ ಅರ್ಥ. ಭಾರತವು 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಪಡೆದ ಮೇಲೂ ಲಸಿಕೆಯ ಹನಿಗಳೊಂದಿಗೆ ಈ ಪದದ ತುಣುಕು ಪ್ರತಿ ಊರಿನಲ್ಲೂ ಉಳಿದಿದೆ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರಿಗೆ ವಿಶೇಷವಾಗಿ ಕಾಡುವ ಜೋಡಿ ಇಲಿಯಂ. ರೋಮನ್ ಕಾಗುಣಿತದ ನಡುವೆ ಐ (i) ಅಕ್ಷರವಿದ್ದರೆ ಅದು ಸೊಂಟದ ಮೂಳೆ, ಇ (e) ಅಕ್ಷರವಿದ್ದರೆ ಸಣ್ಣ ಕರುಳಿನ ಕೊನೆಯ ಭಾಗ. ಕನ್ನಡದಲ್ಲಿ ಎರಡೂ ಒಂದೇ. ‘ಆಂಟಿ’ಯದೂ ಇದೇ ಕತೆ. ಹೆರಿಗೆಗೆ ಮುಂಚಿನ ಎಎನ್‌ಸಿ ತಪಾಸಣೆಯ ಆಂಟಿನೇಟಲ್‌ನಲ್ಲಿ ಇರುವುದು ಮುಂಚೆ ಎಂಬರ್ಥದ ಲ್ಯಾಟಿನ್, ಆಂಟಿಬಯಾಟಿಕ್‌ನಲ್ಲಿ ಇರುವುದು ವಿರುದ್ಧ ಎಂಬರ್ಥದ ಗ್ರೀಕ್. ಆದ್ದರಿಂದ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಂಡರೂ ರೋಮನ್ ಅಕ್ಷರಗಳ ಕಾಗುಣಿತವನ್ನು ಪಕ್ಕದಲ್ಲಿ ಬರೆಯಲೇಬೇಕು. ನ್ಯುಮೋನಿಯದ ಮೊದಲ ಪಿ ಅಕ್ಷರ ಉಚ್ಚಾರಣೆಯಲ್ಲಿ ಕೇಳಿಸದು, ಅಪ್ನಿಯದ ನಡುವೆ ಬಂದಾಗ ಕೇಳಿಸುತ್ತದೆ ಎಂಬಂಥ ಸೂಕ್ಷ್ಮಗಳು ಹೀಗೆ ಬರೆದಾಗಲೇ ಕಣ್ಣಿಗೆ ಬೀಳುವುದು. ನಮ್ಮಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಗಳೆರಡೂ ಬಳಕೆಯಲ್ಲಿರುವುದರಿಂದ ಅನೀಮಿಯ, ಎಡಿಮ ಮುಂತಾದ ಪದಗಳು ಒಂದರಲ್ಲಿ ಜೋಡಿಸ್ವರದೊಂದಿಗೂ ಇನ್ನೊಂದರಲ್ಲಿ ಬರಿಯ ಇ ಅಕ್ಷರದೊಂದಿಗೂ ಕಾಣುತ್ತವೆ, ಎರಡೂ ಸರಿ.

ನೋಟ್‌ಬುಕ್ ಮತ್ತು ದಿನದ ಅಭ್ಯಾಸ

ವರ್ಣಮಾಲೆಯ ಕ್ರಮದ ಪಟ್ಟಿಯನ್ನು ಉರುಹೊಡೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ದಪ್ಪನೆಯ ನೋಟ್‌ಬುಕ್ಕಿನಲ್ಲಿ ಜೀರ್ಣಾಂಗ, ರಕ್ತ, ಉಸಿರಾಟ, ಮೂತ್ರಾಂಗ ಎಂದು ವ್ಯೂಹಕ್ಕೊಂದಿಷ್ಟು ಪುಟ ಬಿಡಿ. ಎಡಗಡೆ ಗ್ರೀಕ್ ಮೂಲ, ಬಲಗಡೆ ಲ್ಯಾಟಿನ್ ಮೂಲ, ಅವುಗಳ ಕೆಳಗೆ ಆ ವಾರದ ಪಾಠದಲ್ಲಿ ಅಥವಾ ವಾರ್ಡಿನಲ್ಲಿ ನೀವೇ ಕಂಡ ಪದ, ಕಾಗುಣಿತ, ವಿಗ್ರಹವಾಕ್ಯ. ನೀವು ಎದುರುಗೊಳ್ಳದ ಪದವನ್ನು ಬರೆಯಬೇಡಿ. ದಿನಕ್ಕೆ ನಾಲ್ಕೈದು ಪದ ಸಾಕು. ಮರುದಿನ ಬಲಗೈಯಿಂದ ಪದವನ್ನು ಮುಚ್ಚಿ, ವಿಗ್ರಹವಾಕ್ಯದಿಂದ ಪದವನ್ನು ಕಟ್ಟಲು ಯತ್ನಿಸಿ. ಪದದಿಂದ ಅರ್ಥಕ್ಕೆ ಹೋಗುವುದಕ್ಕಿಂತ ಅರ್ಥದಿಂದ ಪದಕ್ಕೆ ಬರುವುದು ಕಠಿಣ, ಆದರೆ ನೆನಪು ನಿಲ್ಲುವುದು ಅದರಿಂದಲೇ. ತಪ್ಪಿದ ಪದಗಳಿಗೆ ಗುರುತು ಹಾಕಿ, ಕೆಲವು ದಿನ ಬಿಟ್ಟು ಅವನ್ನಷ್ಟೇ ಮತ್ತೆ ನೋಡಿ. ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಬಿಡಬೇಡಿ, ಏಕೆಂದರೆ ರೌಂಡ್ಸ್ ಹೊತ್ತಿನಲ್ಲಿ ಈ ಪದಗಳು ಬರುವುದು ಕಿವಿಯ ಮೂಲಕ. ಅಭ್ಯಾಸಕ್ಕೆ ಮನೆಯವರ ಹಳೆಯ ರಕ್ತಪರೀಕ್ಷೆ ವರದಿ, ಸ್ಕ್ಯಾನ್ ವರದಿಗಳನ್ನು ಅವರ ಒಪ್ಪಿಗೆ ಕೇಳಿ ಬಳಸಬಹುದು. ಆಸ್ಪತ್ರೆಯ ರೋಗಿಗಳ ಕಾಗದಗಳ ಫೋಟೋ ತೆಗೆದುಕೊಳ್ಳುವುದು ಸಲ್ಲದು.

ಬಿಡಿಸಿದ ಅರ್ಥವೇ ವ್ಯಾಖ್ಯೆಯಲ್ಲ ಎಂಬುದನ್ನೂ ನೆನಪಿಡಬೇಕು. ಅನೀಮಿಯದ ತುಂಡುಗಳು ‘ರಕ್ತವಿಲ್ಲದಿರುವುದು’ ಎನ್ನುತ್ತವೆ. ವೈದ್ಯರು ಅದನ್ನು ನಿರ್ಧರಿಸುವುದು ಹಿಮೋಗ್ಲೋಬಿನ್ ಪ್ರಮಾಣದಿಂದ. ಮಲೇರಿಯ ಎಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ಕಾಯಿಲೆ ಬರುವುದು ಸೊಳ್ಳೆಯಿಂದ. ಬಿಡಿಸಲು ಬಾರದ ಹೆಸರುಗಳೂ ಇವೆ. ಪಾರ್ಕಿನ್ಸನ್ ಒಬ್ಬ ವೈದ್ಯನ ಹೆಸರು. ನಮ್ಮ ಮಲೆನಾಡಿನ ಮಂಗನ ಕಾಯಿಲೆಗೆ ವೈದ್ಯಕೀಯ ಹೆಸರು ಬಂದದ್ದು 1957ರಲ್ಲಿ ಅದು ಪತ್ತೆಯಾದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಿಂದ. ಆದರೆ ಆ ಕಾಯಿಲೆಯ ವರ್ಗವನ್ನು ಹೇಳುವ ಹೆಮರೇಜಿಕ್ ಫೀವರ್ ಎಂಬ ಮಾತನ್ನು ಬಿಡಿಸಬಹುದು: ಹೆಮ ರಕ್ತ, ರೇಜ್ ಒಡೆದು ಹರಿಯುವುದು. ವ್ಯಕ್ತಿ, ಊರು, ಕಾಡುಗಳಿಂದ ಬಂದ ಹೆಸರುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬೇರೆಯಾಗಿ ಬರೆದು, ಪ್ರತಿಯೊಂದರ ಮುಂದೆ ಕಾಯಿಲೆಯ ಒಂದು ಸಾಲಿನ ವಿವರಣೆ ಇಡಿ. ಅವುಗಳಲ್ಲಿ ಗ್ರೀಕನ್ನೋ ಲ್ಯಾಟಿನ್ನನ್ನೋ ಹುಡುಕುತ್ತ ಹೊತ್ತು ಕಳೆಯಬೇಕಾಗಿಲ್ಲ.